ಖುಕ್ರಿಯ ನಂತರದ ಕಥೆ

ಯುದ್ಧದಲ್ಲಿ ಮಡಿದವನಿಗೆ ಉರ್ದುವಿನಲ್ಲಿ ಶಹೀದ್ ಎನ್ನುತ್ತೇವೆ, ಗೆದ್ದು ಬಂದವನಿಗೆ ಗಾಜಿ. ಕನ್ನಡದಲ್ಲಿ ಹುತಾತ್ಮನಿದ್ದಾನೆ, ವೀರನಿದ್ದಾನೆ. ಕಾಲನ್ನು ರಣರಂಗದಲ್ಲೇ ಬಿಟ್ಟು ಮನೆಗೆ ಮರಳಿದವನಿಗೆ ಎರಡರಲ್ಲೂ ಅಂಥ ಪದವಿಲ್ಲ. 'ಅಂಗವಿಕಲ ಮಾಜಿ ಸೈನಿಕ' ಎಂಬುದು ಪಿಂಚಣಿ ಕಾಗದದ ಮಾತು. ಪದವಿಲ್ಲದ ಕಡೆ ಕಥೆಯೂ ಹುಟ್ಟುತ್ತಿಲ್ಲ.

ಇಯಾನ್ ಕಾರ್ಡೋಜೊ ಅವರ ವೃತ್ತಾಂತವನ್ನೇ ನೋಡಿ. 1971ರ ಡಿಸೆಂಬರ್‌ನಲ್ಲಿ ಸಿಲ್ಹೆಟ್‌ನಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟ ಈ ಗೂರ್ಖಾ ರೆಜಿಮೆಂಟಿನ ಮೇಜರ್, ಛಿದ್ರವಾದ ಕಾಲನ್ನು ಖುಕ್ರಿಯಿಂದ ಕಡಿದುಕೊಂಡರು. ಈ ಗಳಿಗೆಯನ್ನು ನಮ್ಮ ಪತ್ರಿಕೆಗಳು ಎಷ್ಟು ಬಾರಿ ಹೇಳಿದರೂ ದಣಿಯುವುದಿಲ್ಲ. ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದವರು ಸೆರೆಸಿಕ್ಕಿದ್ದ ಪಾಕಿಸ್ತಾನಿ ಸೇನಾ ವೈದ್ಯ ಮೇಜರ್ ಮೊಹಮ್ಮದ್ ಬಶೀರ್ ಎಂಬುದು ಅರ್ಧ ಸಾಲಿನಲ್ಲಿ ಮುಗಿಯುತ್ತದೆ. ಕೃತಕ ಕಾಲಿನಲ್ಲಿ ನಡೆಯಲು ಕಲಿತು, ಬೆಟಾಲಿಯನ್ ಮುನ್ನಡೆಸಲು ತಾನು ಯೋಗ್ಯನೆಂದು ಸೇನೆಗೆ ಮನವರಿಕೆ ಮಾಡಿಕೊಡಲು ಅವರು ಪಟ್ಟ ಪಾಡು ಇನ್ನರ್ಧ ಸಾಲು. ಕಡಿದುಕೊಳ್ಳಲು ಒಂದು ಗಳಿಗೆಯ ಧೈರ್ಯ ಸಾಕಾಯಿತು. ನಡೆಯಲು ವರ್ಷಗಳ ಧೈರ್ಯ ಬೇಕಾಯಿತು. ಬರಹ ಈ ಎರಡನೆಯದನ್ನು ಬಿಟ್ಟುಬಿಡುತ್ತದೆ ಎಂಬುದೇ ನಮ್ಮ ತಕರಾರು.

ಪುಣೆಯಲ್ಲಿ ಸೇನೆಯ ಕೃತಕ ಅವಯವ ಕೇಂದ್ರ 1944ರಿಂದ ಇದೆ. ಅಲ್ಲಿ ಕಾಲು ಕಟ್ಟಿಸಿಕೊಂಡ ಯೋಧನೊಬ್ಬ ಕೊಪ್ಪಕ್ಕೋ, ಶೃಂಗೇರಿಗೋ, ನರಸಿಂಹರಾಜಪುರಕ್ಕೋ ಮರಳಿದನೆಂದು ಕಥೆಗಾರ ಕಲ್ಪಿಸಿಕೊಳ್ಳಲಿ. ಮೊದಲ ತಿಂಗಳುಗಳಲ್ಲಿ ಮೊಂಡುಗಾಲಿನ ಬಾವು ಇಳಿದಂತೆ ಸಾಕೆಟ್ ಸಡಿಲವಾಗುತ್ತದೆ. ಮತ್ತೆ ಅಳತೆ ಕೊಡಬೇಕು. ಬೆವರಿಗೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಇಲ್ಲದ ಪಾದ ರಾತ್ರಿ ನೋಯುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ, ತೋಟಕ್ಕಿಳಿಯುವ ಜಾರುಮೆಟ್ಟಿಲು, ಹಳ್ಳಕ್ಕೆ ಅಡ್ಡ ಹಾಕಿದ ಅಡಕೆ ಮರದ ಸಂಕ: ತೇವವನ್ನು ಅರಿಯದ ಪಾದಕ್ಕೆ ಒಂದೊಂದೂ ಪರೀಕ್ಷೆ.

ಕಾಲು ಊರಿಗೆ ಒಗ್ಗಬೇಕೆಂಬುದನ್ನು ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ 1968ರಲ್ಲೇ ಅರಿತಿದ್ದರು. ಬರಿಗಾಲಲ್ಲಿ ನಡೆಯುವ, ಕುಕ್ಕುರುಗಾಲಲ್ಲಿ ಕೂರುವ, ಗದ್ದೆಯ ನೀರಿಗಿಳಿಯುವ ಜನರಿಗಾಗಿ ರಬ್ಬರಿನ ಪಾದ ಮಾಡಿದರು. ನಮಾಜಿಗೆ ಮಂಡಿಯೂರುವವನಿಗೂ, ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕುವವನಿಗೂ ಬೇಕಾದದ್ದು ಅಂಥದೇ ಕಾಲು. ಒಬ್ಬ ಕುಶಲಕರ್ಮಿಗೆ ಕಂಡದ್ದು ನಮ್ಮ ಸಾಹಿತ್ಯಕ್ಕೆ ಯಾಕೆ ಕಾಣಬಾರದು?

ಸ್ವಾತಂತ್ರ್ಯೋತ್ಸವದ ದಿನ ಹಾರ ಹಾಕಿಸಿಕೊಂಡವನು ಸಂಜೆ ಬಸ್ಸಿನ ಮೆಟ್ಟಿಲು ಹತ್ತಲು ಹೆಣಗುತ್ತಾನೆ. ಕನ್ನಡದ ಕಥೆ ಅಲ್ಲಿಂದ ಶುರುವಾಗಲಿ. ಆಗ ಮೇಜರ್ ಬಶೀರರಿಗೂ ಒಂದು ಪೂರ್ತಿ ಸಾಲು ಸಿಕ್ಕೀತು.