ಕತ್ತಲೆಯ ಕಾಲಪ್ರಮಾಣ: ರಕ್ಕಸ ಬರುವ ತನಕ ಕೂರಬಲ್ಲವರಿಗೊಂದು ಕೈಪಿಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಆಟಕ್ಕೆ ಬರುವ ಬಹಳ ಮಂದಿ ರಕ್ಕಸನನ್ನು ನೋಡದೆಯೇ ಮನೆಗೆ ಹೋಗುತ್ತಾರೆ. ಭಾಗವತರ ಒಂದು ಏರುದನಿಯ ಪದ, ಹೆಸರಾಂತ ವೇಷಧಾರಿಯ ಒಂದಿಷ್ಟು ಗಿರಕಿ, ಹಾಸ್ಯಗಾರನ ಎರಡು ಚಟಾಕಿ, ಇಷ್ಟನ್ನು ಮೊಬೈಲಿಗೆ ತುಂಬಿಕೊಂಡರೆ ಅವರ ಪಾಲಿನ ಯಕ್ಷಗಾನ ಮುಗಿಯಿತು. ನಡುರಾತ್ರಿ ದಾಟುವ ಮೊದಲೇ ಗದ್ದೆಯಂಚಿನಲ್ಲಿ ಬೈಕುಗಳು ಗುಡುಗುತ್ತವೆ. ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತು ಮುಖಕ್ಕೆ ಚುಟ್ಟಿ ಇಟ್ಟುಕೊಂಡ ಕಲಾವಿದ ಆಗಷ್ಟೇ ಕಿರೀಟ ಕಟ್ಟಿಸಿಕೊಳ್ಳುತ್ತಿರುತ್ತಾನೆ.

ಹಾಗೆ ಎದ್ದು ಹೋಗುವವರಲ್ಲಿ ಕಪ್ಪು ಟೀ ಶರ್ಟಿನ ಹುಡುಗ ಹುಡುಗಿಯರೂ ಇರುತ್ತಾರೆ. ಬೆಂಗಳೂರಲ್ಲಿ ಓದು ಇಲ್ಲವೇ ಕೆಲಸ, ದೀಪಾವಳಿಗೆ ಊರು. ಫೋನಿನಲ್ಲಿ ಗಾಥಿಕ್ ತಂಡಗಳು: ಸಿಸ್ಟರ್ಸ್ ಆಫ್ ಮರ್ಸಿ, ದಿ ಕ್ಯೂರ್, ಎಲ್ಲಕ್ಕಿಂತ ಹೆಚ್ಚಾಗಿ ಬ್ರೂಕ್ಲಿನ್ನಿನ ಟೈಪ್ ಓ ನೆಗೆಟಿವ್. ಈ ಕೈಪಿಡಿ ಅವರಿಗಾಗಿ. ಉಳಿದವರನ್ನು ತಿದ್ದುವ ಹುಮ್ಮಸ್ಸು ಈ ಲೇಖಕನಲ್ಲಿ ಉಳಿದಿಲ್ಲ. ಆದರೆ ಕತ್ತಲೆಯನ್ನೇ ಹುಡುಕಿಕೊಂಡು ಬ್ರೂಕ್ಲಿನ್‌ ತನಕ ಹೋದವರು ತಮ್ಮ ಅಜ್ಜನ ಮನೆಯ ಗದ್ದೆಯಲ್ಲಿ ಅದು ಎದ್ದು ನಿಲ್ಲುವ ಹೊತ್ತಿಗೆ ಹೆಲ್ಮೆಟ್ ಹಾಕಿಕೊಳ್ಳುವುದನ್ನು ಸಹಿಸುವುದು ಕಷ್ಟ.

ಮೊದಲು ಅವರದೇ ಪ್ರೀತಿಯ ಆಲ್ಬಂ ನೋಡೋಣ. ಟೈಪ್ ಓ ನೆಗೆಟಿವ್ ತಂಡದ ‘ಅಕ್ಟೋಬರ್ ರಸ್ಟ್’ ಹೊರಬಂದದ್ದು 1996ರ ಆಗಸ್ಟ್‌ನಲ್ಲಿ. ಅದು ಗಾಥಿಕ್ ರಾಕೋ ಗಾಥಿಕ್ ಮೆಟಲ್ಲೋ ಎಂಬ ಜಗಳ ಪಂಡಿತರಿಗಿರಲಿ. ಸುಮಾರು 72 ನಿಮಿಷ, 15 ತುಣುಕು. ಮೊದಲ 38 ಸೆಕೆಂಡು ಬರೀ ಗುಂಯ್‌ಗುಡುವ ಸದ್ದು. ಸ್ಪೀಕರಿನ ವೈರು ಸಡಿಲಾಗಿದೆ ಎಂದು ಕೇಳುಗ ಎದ್ದು ತಡಕಾಡಲಿ ಎಂದೇ ಮಾಡಿದ ಕಿತಾಪತಿ. ಆಮೇಲೆ ತಂಡದವರೇ ನಗುತ್ತಾರೆ, ಥ್ಯಾಂಕ್ಸ್ ಹೇಳುತ್ತಾರೆ. ಅಷ್ಟಾದ ಮೇಲೆ ಪಿಯಾನೋ, ಅದರ ಹಿಂದೆ ತೀರ ಕೆಳಗಿಳಿಸಿ ಶ್ರುತಿ ಮಾಡಿದ ಗಿಟಾರು, ಅದರ ಮೇಲೆ ಗಾಯಕ ಪೀಟರ್ ಸ್ಟೀಲ್‌ನ ಪಾತಾಳದ ದನಿ.

ಆರಡಿ ಎಂಟಂಗುಲದ ಈ ಮನುಷ್ಯ ಸಂಗೀತವನ್ನೇ ಕಸುಬು ಮಾಡಿಕೊಳ್ಳುವ ಮೊದಲು ನ್ಯೂಯಾರ್ಕ್ ನಗರದ ಉದ್ಯಾನ ಇಲಾಖೆಯಲ್ಲಿ ದುಡಿದವನು. ‘ಗ್ರೀನ್ ಮ್ಯಾನ್’ ಹಾಡಿನ ಹಸಿರು ಅಲ್ಲಿಂದ ಬಂದದ್ದು. 2010ರ ಏಪ್ರಿಲ್‌ನಲ್ಲಿ, 48ನೇ ವಯಸ್ಸಿಗೆ ತೀರಿಕೊಂಡ. ಅಭಿಮಾನಿಗಳು ಅವನ ದನಿಯ ಆಳ, ಜೋಶ್ ಸಿಲ್ವರ್‌ನ ಚರ್ಚಿನ ಆರ್ಗನ್ನಿನಂಥ ಕೀಬೋರ್ಡು, ಸಾವು ಮತ್ತು ಶೃಂಗಾರ ಒಂದೇ ಹಾಸಿಗೆಯಲ್ಲಿ ಮಲಗುವ ಸಾಹಿತ್ಯ ಎಂದೆಲ್ಲ ಕಾರಣ ಕೊಡುತ್ತಾರೆ. ಎಲ್ಲವೂ ಸರಿ. ಮುಖ್ಯವಾದ ಕಾರಣವನ್ನು ಮಾತ್ರ ಬಿಡುತ್ತಾರೆ: ಈ ಆಲ್ಬಂ ಕಾಯಿಸುತ್ತದೆ. ‘ಲವ್ ಯೂ ಟು ಡೆತ್’ ಏಳು ನಿಮಿಷ, ‘ಹಾಂಟೆಡ್’ ಹತ್ತು. ಎರಡೂವರೆ ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ರಾಗವನ್ನು ಎಳೆದು, ತಡೆದು, ಇನ್ನೇನು ಬಂತು ಎನ್ನುವಲ್ಲಿ ಹಿಂದಕ್ಕೆ ಸರಿಸಿ, ಕೇಳುಗನ ಎದೆಯ ಬಡಿತವೇ ನಿಧಾನವಾಗುವ ತನಕ ಬಿಡುವುದಿಲ್ಲ. ಭಯ ಹುಟ್ಟುವುದು ಸದ್ದಿನ ಗಾತ್ರದಿಂದಲ್ಲ, ವಿಳಂಬದಿಂದ. ಇದನ್ನು ಒಪ್ಪಿದವರು ಯಕ್ಷಗಾನದ ಬಣ್ಣದ ವೇಷಕ್ಕೆ, ಅಂದರೆ ರಕ್ಕಸನಿಗೆ, ಅರ್ಧ ಸಿದ್ಧರಾದಂತೆ.

ಇನ್ನರ್ಧ ತೆರೆ.

ತೆರೆ ಎಂದರೆ ಇಬ್ಬರು ಎರಡು ತುದಿ ಹಿಡಿದು ನಿಲ್ಲುವ ಒಂದು ತುಂಡು ಬಟ್ಟೆ. ರಂಗಭೂಮಿಯ ಇತಿಹಾಸದಲ್ಲಿ ಇದಕ್ಕಿಂತ ಅಗ್ಗದ ಸಲಕರಣೆ ಇಲ್ಲ, ಇದಕ್ಕಿಂತ ಭಯಂಕರವಾದದ್ದೂ ಇಲ್ಲ. ಚಂಡೆ ಏರುತ್ತದೆ. ತೆರೆಯ ಮೇಲೆ ಕಿರೀಟದ ತುದಿಯೊಂದು ಕಂಡು ಮರೆಯಾಗುತ್ತದೆ. ಕೆಳಗೆ ಗೆಜ್ಜೆ ಕಟ್ಟಿದ ಪಾದ ನೆಲ ಒದೆಯುತ್ತದೆ. ಒಂದು ಆರ್ಭಟ, ಮನುಷ್ಯರದೂ ಅಲ್ಲ ಮೃಗದ್ದೂ ಅಲ್ಲ. ಚಂಡೆ ಇಳಿಯುತ್ತದೆ. ಏನೂ ಆಗುವುದಿಲ್ಲ. ಬೆರಳುಗಳು ತೆರೆಯ ಅಂಚನ್ನು ಹಿಡಿಯುತ್ತವೆ, ಬಟ್ಟೆ ಒಂದು ಗೇಣು ಜಗ್ಗುತ್ತದೆ, ಒಂದು ಕಣ್ಣು, ಸುತ್ತ ಕೆಂಪು ಕಪ್ಪು, ಅದರ ಸುತ್ತ ಮುಳ್ಳಿನಂತೆ ನಿಂತ ಬಿಳಿ ಚುಟ್ಟಿ. ಮತ್ತೆ ಮುಚ್ಚುತ್ತದೆ. ದೊಂದಿ ಹಿಡಿದವರು ರಾಳ ಎರಚಿದರೆ ಒಮ್ಮೆಗೇ ಬೆಂಕಿ ಎದ್ದು ಆರುತ್ತದೆ, ಆ ಬೆಳಕಿನಲ್ಲಿ ಇಡೀ ಮುಖ ಕಂಡಿತೋ ಇಲ್ಲವೋ ಎಂಬ ಅನುಮಾನ ಮಾತ್ರ ಉಳಿಯುತ್ತದೆ. ಒಳ್ಳೆಯ ಬಣ್ಣದ ವೇಷಧಾರಿ ಈ ಆಟವನ್ನು ಎಷ್ಟು ಹೊತ್ತು ಬೇಕಾದರೂ ನಡೆಸಬಲ್ಲ. ನಡೆಸಬೇಕು.

ಅದಕ್ಕಿಂತ ಸೊಗಸಾದದ್ದು ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ರಾಜಬಣ್ಣದ ಒಡ್ಡೋಲಗ, ಅವನ ಮೊದಲ ಪ್ರವೇಶ. ರಾವಣನಂಥವನು ಲೋಕವನ್ನು ನಡುಗಿಸುವ ಮೊದಲು ಸ್ನಾನ ಮಾಡುತ್ತಾನೆ, ಕನ್ನಡಿ ನೋಡಿ ಸಿಂಗರಿಸಿಕೊಳ್ಳುತ್ತಾನೆ, ತಿಲಕ ಇಡುತ್ತಾನೆ, ಶಿವಪೂಜೆಗೆ ಕೂರುತ್ತಾನೆ. ಎಲ್ಲವೂ ಅಭಿನಯದಲ್ಲಿ, ಎಲ್ಲವೂ ಸಾವಧಾನವಾಗಿ. ಮುಖಕ್ಕೆ ಬಿಳಿ ಪುಡಿ, ತುಟಿಗೆ ಕಪ್ಪು ಬಳಿದುಕೊಂಡು ಗಂಟೆಗಟ್ಟಲೆ ಕನ್ನಡಿ ಮುಂದೆ ನಿಲ್ಲುವ ಗಾಥಿಕ್ ಅಭಿಮಾನಿಗೆ ಇದು ತೀರ ಪರಿಚಿತ ದೃಶ್ಯವಾಗಬೇಕು. ಕೇಡಿಗೆ ತನ್ನ ರೂಪದ ಮೇಲಿರುವ ಮೋಹವನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಕಲೆಗಳು ಕಡಿಮೆ.

ಬಣ್ಣಗಾರಿಕೆಯ ವಿವರಕ್ಕೆ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಇದೆ, 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಓದುವ ಪುರುಸೊತ್ತು ಇಲ್ಲದವರು ರಾತ್ರಿ ಊಟ ಮುಗಿಸಿ ನೇರ ಚೌಕಿಗೆ ಹೋಗಲಿ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಚುಕ್ಕಿ ಚುಕ್ಕಿಯಾಗಿ ಕೆನ್ನೆಗೆ ಇಡುವುದು, ಒಂದರ ಮೇಲೊಂದು ಇಟ್ಟು ಬೆಳೆಸುವುದು, ಒಣಗಲು ಬಿಡುವುದು, ನಡುವೆ ನಗುವಂತಿಲ್ಲ, ಮಾತಾಡುವಂತಿಲ್ಲ. ಅದನ್ನು ಕಂಡವರು ಒಂದು ಗಂಟೆಗೆ ಎದ್ದು ಹೋಗುವುದಿಲ್ಲ, ಹೋಗಲು ನಾಚಿಕೆಯಾಗುತ್ತದೆ. ಉತ್ತರದ ಬಡಗುತಿಟ್ಟಿನಲ್ಲಿ ಸಕ್ಕಟ್ಟು ಲಕ್ಷ್ಮೀನಾರಾಯಣಯ್ಯ, ತೆಂಕಿನಲ್ಲಿ ಬಣ್ಣದ ಮಾಲಿಂಗ ಎಂಬ ಬಣ್ಣದ ವೇಷಧಾರಿಗಳ ಹೆಸರುಗಳನ್ನು ಹಳಬರು ಇಂದಿಗೂ ಸ್ವಲ್ಪ ದನಿ ತಗ್ಗಿಸಿ ಹೇಳುವುದು ಸುಮ್ಮನೆ ಅಲ್ಲ.

ಈ ಲೇಖಕನ ಕಣ್ಣು ತೆರೆಸಿದ್ದು ಶೂರ್ಪನಖಿ. ತುಂಗೆಯ ಈಚೆ ದಡದಲ್ಲಿ, ಕೊಯ್ಲಾದ ಗದ್ದೆಯಲ್ಲಿ ‘ಪಂಚವಟಿ’. ಕಂಬಳಿಯೊಳಗೆ ನಿದ್ದೆ ಹೋಗಿದ್ದ ಮೊಮ್ಮಗನನ್ನು ಅಜ್ಜಿ ಅಲುಗಾಡಿಸಿ, “ಏಳಾ ಮಾಣಿ, ಬಣ್ಣ ಬಂತು” ಎಂದರು. ಎದ್ದು ನೋಡಿದರೆ ಬಣ್ಣ ಎಲ್ಲಿ? ಬರೀ ಬಟ್ಟೆ. ಅದರ ಹಿಂದೆ ಒಂದು ಹೆಂಗಸಿನ ನಗೆ, ನಗುವವನು ಗಂಡಸು. ನಗೆ ನಿಂತಿತು. ಗ್ಯಾಸ್‌ಲೈಟಿನ ಸುಯ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಹುಡುಗ ಹೆದರಿದ್ದು ಹೆಣ್ಣುಬಣ್ಣ, ಆ ರಕ್ಕಸಿ, ಹೊರಗೆ ಬಂದಾಗ ಅಲ್ಲ, ನಗೆ ನಿಂತಾಗ. ಮುಂದೆ ಓದಿದ ನಾಟ್ಯಶಾಸ್ತ್ರದಲ್ಲಿ ಭಯಾನಕ ರಸದ ಬಣ್ಣ ಕಪ್ಪು, ಅಧಿದೇವತೆ ಕಾಲ ಎಂದು ಸಿಕ್ಕಾಗ ಹೊಸ ವಿಷಯವೇನೂ ಅನ್ನಿಸಲಿಲ್ಲ.

ಇನ್ನೊಂದು ರಾತ್ರಿ ನರಸಿಂಹರಾಜಪುರದ ಆಚೆ, ಅಡಿಕೆ ಒಣಗಿಸುವ ಅಂಗಳದಲ್ಲಿ ಹರಕೆಯಾಟ, ‘ದೇವೀ ಮಹಾತ್ಮೆ’. ಎಲ್ಲರ ಕಣ್ಣೂ ರಂಗಸ್ಥಳದ ಮೇಲೆ. ಮಹಿಷಾಸುರ ಬಂದದ್ದು ಬೆನ್ನ ಹಿಂದಿನಿಂದ. ಮೊದಲು ದೂರದ ತೋಟದೊಳಗೆ ಒಂದು ಕೂಗು. ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಆಮೇಲೆ ಅಡಿಕೆ ಮರಗಳ ನಡುವೆ ದೊಂದಿಯ ಬೆಂಕಿ, ಅದರ ಹಿಂದೆ ಎರಡು ಕೊಂಬು. ಜನ ಎದ್ದು ದಾರಿ ಬಿಟ್ಟರು. ಮುದುಕರೊಬ್ಬರು ಕೈ ಮುಗಿದರು, ದೇವಿಗಲ್ಲ, ಕೋಣಕ್ಕೆ. ಆ ಊರಿನಿಂದ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ ದೂರವಿಲ್ಲ. ಉರಿಯನ್ನು ಪೂಜಿಸಿ ಬಲ್ಲ ಸೀಮೆಗೆ ಈ ಪ್ರವೇಶ ಅರ್ಥವಾಗದೆ ಇರುತ್ತದೆಯೇ?

ಈಗ ಏನಾಗಿದೆ? ಕಾಲಮಿತಿ ಬಂದಿದೆ. ರಾತ್ರಿಯ ಆಟ ಸಂಜೆ ಶುರುವಾಗಿ ಹನ್ನೆರಡು ಒಂದಕ್ಕೆ ಮಂಗಳ. ಮರುದಿನ ಕೆಲಸಕ್ಕೆ ಹೋಗುವವರ ಕಷ್ಟ ಯಾರಿಗೂ ಗೊತ್ತಿಲ್ಲದ್ದಲ್ಲ. ಆದರೆ ಕತ್ತರಿ ಮೊದಲು ಬೀಳುವುದು ತೆರೆಯ ಮೇಲೆ. ಕೊಪ್ಪದ ಒಂದು ಸಭಾಭವನದಲ್ಲಿ ನಡೆದ ಆಟದಲ್ಲಿ ರಾವಣ ತೆರೆ ಸರಿಸಿಕೊಂಡು ಬಸ್ಸು ಹಿಡಿಯುವವನ ಹಾಗೆ ಒಳಗೆ ಬಂದ. ಮೇಲೆ ಬಣ್ಣ ಬದಲಿಸುವ ಎಲ್‌ಇಡಿ, ಕೆಳಗೆ ಮದುವೆ ಮನೆಯಿಂದ ತಂದ ಹೊಗೆ ಯಂತ್ರ. ಕೆಂಪು ಮುಖ ನೀಲಿ ಬೆಳಕಿನಲ್ಲಿ ಕಂದಾಯಿತು, ಚುಟ್ಟಿ ಕಾಣಲೇ ಇಲ್ಲ. ಸಭೆ ಸಿಳ್ಳೆ ಹೊಡೆಯಿತು. ಅದೇ ಸಭೆ ಅದಕ್ಕೂ ಮೊದಲು ಮಂಡಿ ಹಾಕಿ ಸುತ್ತಿದವನ ಸುತ್ತುಗಳನ್ನು ಗಟ್ಟಿಯಾಗಿ ಎಣಿಸುತ್ತಿತ್ತು. ಎಣಿಸಲು ಬರುವುದನ್ನು ಮಾತ್ರ ಮೆಚ್ಚುವವರ ಮುಂದೆ ಕಲಾವಿದನಾದರೂ ಏನು ಮಾಡಿಯಾನು?

ಆಟದಲ್ಲಿ ಬಣ್ಣದ ವೇಷ ಬಿಟ್ಟು ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು. ಮದ್ದಲೆ ಕೇಳಿ, ಚಂಡೆ ತಾನಾಗಿ ಕೇಳುತ್ತದೆ. ಸ್ತ್ರೀವೇಷದ ಹೊತ್ತಿಗೆ ನಿದ್ದೆ ಬಂದರೆ ತಡೆಯಬೇಡಿ, ಪಕ್ಕದವರಿಗೆ ಎಬ್ಬಿಸಲು ಹೇಳಿಡಿ. ಅರ್ಥಗಾರಿಕೆಯಲ್ಲಿ ಊರ ರಾಜಕೀಯ ಬಂದರೆ ಚಹಾ ಕುಡಿದು ಬನ್ನಿ.

ಹಾಡಿನ ಬಗ್ಗೆ ಮಾತ್ರ ಒಂದು ಮಾತು ಹೆಚ್ಚು ಬೇಕು. ತೊಂಬತ್ತರ ದಶಕದಲ್ಲಿ ಮಲೆನಾಡಿನ ಜೀಪು, ಬಸ್ಸು, ಹೋಟೆಲುಗಳಲ್ಲಿ ಸುತ್ತಿದ ಟೇಪುಗಳಲ್ಲಿ ಗುಂಡ್ಮಿ ಕಾಳಿಂಗ ನಾವಡರ ದನಿ ಇತ್ತು. 1990ರ ಮೇ ತಿಂಗಳಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ ಮೂವತ್ತರ ಆಚೀಚೆಯ ವಯಸ್ಸು. ನಾರಣಪ್ಪ ಉಪ್ಪೂರರ ಶಿಷ್ಯ, ಸಾಲಿಗ್ರಾಮ ಮೇಳದ ಭಾಗವತ, ‘ನಾಗಶ್ರೀ’ ಪ್ರಸಂಗದ ಕರ್ತೃ, ಬಡಗಿಗೆ ಹೊಸ ರಾಗಗಳನ್ನು ತಂದವರು. ಟೇಪು ಸವೆದು ದನಿ ಅಲುಗಾಡುತ್ತಿದ್ದರೂ ಜನ ಹೊಸದು ಕೊಳ್ಳದೆ ಅದನ್ನೇ ತಿರುಗಿಸಿ ಹಾಕುತ್ತಿದ್ದರು. ಸ್ಟೀಲ್‌ನ ಅಭಿಮಾನಿಗಳಿಗೆ ಈ ಹಂಬಲ ವಿವರಿಸಿ ಹೇಳಬೇಕಾಗಿಲ್ಲ. ಬೇಸರದ ಸಂಗತಿ ಎಂದರೆ ನಾವಡರ ಹೆಸರು ಹೇಳಿಕೊಂಡು ಇಂದು ಬರೀ ಏರುಶ್ರುತಿಯಲ್ಲಿ ರಾಗ ಎಳೆಯುವವರು ಹೆಚ್ಚಾಗಿದ್ದಾರೆ. ರಾಗ ಎಳೆಯುವುದಕ್ಕೂ ಕಾಯಿಸುವುದಕ್ಕೂ ಅಂತರವಿದೆ. ಎಳೆದಾಗ ಭಾಗವತರು ಕಾಣುತ್ತಾರೆ, ಕಾಯಿಸಿದಾಗ ಬರಲಿರುವ ಪಾತ್ರ ಕಾಣುತ್ತದೆ.

ಇನ್ನು ಆಚರಣೆಗೆ. ಮಳೆಗಾಲ ಆಲ್ಬಮ್ಮಿಗೆ, ಉಳಿದದ್ದು ಆಟಕ್ಕೆ. ಜೂನ್‌ನಿಂದ ಶೃಂಗೇರಿ, ಕಿಗ್ಗದ ಕಡೆ ಮಳೆ ಹಿಡಿದರೆ ಬಯಲಿನಲ್ಲಿ ಯಾವ ರಕ್ಕಸನೂ ನಿಲ್ಲಲಾರ. ಆಗ ‘ಅಕ್ಟೋಬರ್ ರಸ್ಟ್’ ಹಾಕಿ, ಒಂದೇ ಸಲ ಕೂತು, ಹಾಡು ಹಾರಿಸದೆ ಕೇಳಿ. ‘ಹಾಂಟೆಡ್’ ಬರುವ ತನಕ ಫೋನು ಮುಟ್ಟದಿದ್ದರೆ ಮೊದಲ ಪರೀಕ್ಷೆ ಪಾಸು. ದೀಪಾವಳಿ ಕಳೆದ ಮೇಲೆ ಆಗುಂಬೆ ಘಾಟಿ, ಕೆರೆಕಟ್ಟೆ ದಾರಿ ಹತ್ತಿ ಮೇಳಗಳು ಬರುತ್ತವೆ, ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಇಳಿದು ಹೋಗುತ್ತವೆ. ಟಿಕೆಟ್ಟಿನ ಕಾಲಮಿತಿ ಆಟಕ್ಕಿಂತ ಹರಕೆಯಾಟ ಮೇಲು, ಮಂದಾರ್ತಿ ಮೇಳದ್ದಾದರೆ ವಿಚಾರಿಸಿಕೊಂಡು ಹೋಗಿ, ಬೆಳಗಿನ ತನಕ ನಡೆಯುವುದೋ ಇಲ್ಲವೋ ಎಂದು. ಪ್ರಸಂಗ ‘ಕುಮಾರ ವಿಜಯ’ವಾದರೆ ತಾರಕಾಸುರ ಸಿಗುತ್ತಾನೆ, ‘ದಕ್ಷಯಜ್ಞ’ವಾದರೆ ವೀರಭದ್ರ. ಸಾಮಾಜಿಕ ಕಥೆಯ ಹೊಸ ಪ್ರಸಂಗವಾದರೆ ಮನೆಯಲ್ಲೇ ಇರಿ.

ಕೂರುವುದು ಧ್ವನಿವರ್ಧಕದ ಎದುರಿಗಲ್ಲ, ತೆರೆಗೆ ನೇರವಾಗಿ, ನೆಲದ ಮೇಲೆ, ಮಕ್ಕಳ ಸಾಲಿನ ಹಿಂದೆ. ಮಕ್ಕಳು ಹಿಂದಕ್ಕೆ ಸರಿಯತೊಡಗಿದರೆ ಒಳಗಿರುವವನು ಗಟ್ಟಿಗ ಎಂದು ತಿಳಿಯಿರಿ. ಕಂಬಳಿ, ಫ್ಲಾಸ್ಕು, ಟಾರ್ಚು ತನ್ನಿ. ಟಾರ್ಚು ದಾರಿಗೆ ಮಾತ್ರ, ವೇಷದ ಮುಖಕ್ಕೆ ಹಿಡಿಯಬಾರದು. ವಿಡಿಯೋ ಮಾಡಲೇಬೇಕು ಎನ್ನುವವರು ಹಿಂದಿನ ಸಾಲಿನಲ್ಲಿ, ಬೈಕಿನ ಪಕ್ಕದಲ್ಲೇ ಕೂತರೆ ಎಲ್ಲರಿಗೂ ಅನುಕೂಲ.