ಫಿಗಾರೋನ ಬಾಯಿಂದ ಕಿತ್ತುಕೊಂಡ ಮಾತು

ಜಗತ್ತಿನ ಶ್ರೇಷ್ಠ ಆಪೆರಾಗಳ ಪಟ್ಟಿ ಯಾರೇ ಮಾಡಲಿ, ಮೊಜಾರ್ಟನ ‘ಫಿಗಾರೋನ ಮದುವೆ’ ಅದರಲ್ಲಿ ಇದ್ದೇ ಇರುತ್ತದೆ. ಆಪೆರಾ ಅಂದರೆ ಹೆದರಬೇಕಾದ್ದೇನಿಲ್ಲ, ಮಾತೆಲ್ಲ ಹಾಡಾಗಿ ನಡೆಯುವ ಆಟ. ದೊಡ್ಡಾಟ, ಸಣ್ಣಾಟಗಳನ್ನು ರಾತ್ರಿಯೆಲ್ಲ ಕೂತು ನೋಡಿದವರಿಗೆ ಇದು ದೂರದ ಸಂಗತಿಯಲ್ಲ. ಆದರೆ ಅದನ್ನು ನಮಗೆ ಪರಿಚಯಿಸುವ ಪಂಡಿತರು ‘ದಿವ್ಯ ಮಾಧುರ್ಯ’ ಅಂತ ಕಣ್ಣು ಮುಚ್ಚಿಬಿಡುತ್ತಾರೆ. ಅದರಲ್ಲಿ ಧಣಿ ಯಾರು, ಆಳು ಯಾರು ಅಂತ ಕೇಳೋದು ಅವರಿಗೆ ಅರಸಿಕತನ. ನಾವು ಕೇಳುವುದು ಅದನ್ನೇ.

ಕಥೆ ಇಷ್ಟು. ಸ್ಪೇನಿನ ಸೆವಿಲ್ ಹತ್ತಿರ ಒಂದು ಕೋಟೆಮನೆ. ಧಣಿ ಕೌಂಟ್ ಅಲ್ಮಾವಿವಾ. ಅವನ ಆಳು ಫಿಗಾರೋ, ದೊರೆಸಾನಿಯ ದಾಸಿ ಸುಸಾನಾ. ಅವತ್ತು ಇವರಿಬ್ಬರ ಮದುವೆ. ಆಳುಮಕ್ಕಳ ಮದುವೆಯಲ್ಲಿ ಹೆಣ್ಣಿನ ಮೊದಲ ರಾತ್ರಿ ಧಣಿಯದು ಎಂಬ ಹಕ್ಕನ್ನು ಈ ಕೌಂಟ್ ತಾನೇ ರದ್ದು ಮಾಡಿ ಹೊಗಳಿಸಿಕೊಂಡವನು. ಈಗ ಸುಸಾನಾಳ ಮೇಲೆ ಕಣ್ಣು ಬಿದ್ದು, ಹಿಂಬಾಗಿಲಿಂದ ಅದನ್ನೇ ಕೇಳುತ್ತಿದ್ದಾನೆ. ಇಂಥ ಹಕ್ಕು ಯೂರೋಪಿನಲ್ಲಿ ಕಾನೂನಾಗಿ ಇತ್ತು ಎಂಬುದನ್ನು ಬಹಳ ಇತಿಹಾಸಕಾರರು ಒಪ್ಪುವುದಿಲ್ಲ. ಕಾಗದದ ಮೇಲೆ ಇರಲಿಕ್ಕಿಲ್ಲ. ಧಣಿಗಳಿಗೆ ಇಂಥದ್ದಕ್ಕೆಲ್ಲ ಕಾಗದ ಯಾವತ್ತು ಬೇಕಾಗಿತ್ತು?

ಮೂಲದಲ್ಲಿ ಇದು ಫ್ರಾನ್ಸಿನ ಬೋಮಾರ್ಶೆ ಬರೆದ ನಾಟಕ. ದೊರೆ ಹದಿನಾರನೇ ಲೂಯಿ ಅದನ್ನು ತಡೆದು ನಿಲ್ಲಿಸಿದ್ದ. ಕಡೆಗೆ 1784ರಲ್ಲಿ ಪ್ಯಾರಿಸ್ಸಿನ ಜನ ನೋಡಿದರು. ಐದನೇ ಅಂಕದಲ್ಲಿ ಫಿಗಾರೋ ಕತ್ತಲಲ್ಲಿ ಒಬ್ಬನೇ ನಿಂತು ಬಹಳ ಹೊತ್ತು ಮಾತಾಡುತ್ತಾನೆ. ಧಣಿಯ ಹಣ, ಪದವಿ, ಗತ್ತು ಎಲ್ಲವನ್ನೂ ಬರೀ ಹುಟ್ಟು ಎಂಬ ಒಂದೇ ಗೂಟಕ್ಕೆ ತಂದು ಕಟ್ಟುತ್ತಾನೆ. ಹುಟ್ಟಿನ ಪ್ರಶ್ನೆ! ಇದಕ್ಕಿಂತ ನಮ್ಮದಾದ ಪ್ರಶ್ನೆ ಇನ್ಯಾವುದಿದೆ ಹೇಳಿ?

1785ರಲ್ಲಿ ವಿಯೆನ್ನಾದ ಚಕ್ರವರ್ತಿ ಎರಡನೇ ಜೋಸೆಫ್ ಈ ನಾಟಕ ಆಡಬಾರದು ಅಂದ, ಅಚ್ಚು ಹಾಕಲು ಬಿಟ್ಟ. ಓದೋರು ಎಷ್ಟು ಜನ, ನೋಡೋರು ಎಷ್ಟು ಜನ ಅನ್ನೋ ಲೆಕ್ಕ ಬಲ್ಲವನು. ಹಾಗಿದ್ದೂ 1786ರ ಮೇ 1ರಂದು ಅದೇ ಊರಿನಲ್ಲಿ, ಅವನದೇ ರಂಗಮಂದಿರದಲ್ಲಿ ಅದು ಆಪೆರಾ ಆಗಿ ಬಂತು. ಹಾಡು ಬರೆದ ಲೊರೆಂಜೊ ದ ಪಾಂಟೆ ಆತ್ಮಕಥೆಯಲ್ಲಿ ಗುಟ್ಟು ಬಿಟ್ಟುಕೊಟ್ಟಿದ್ದಾನೆ: ಸಾರ್ವಭೌಮನ ಎದುರಿಗೆ ಆಡಲು ಸಲ್ಲದ್ದನ್ನೆಲ್ಲ ತೆಗೆದಿದ್ದೇನೆ ಅಂತ ಅವನೇ ಚಕ್ರವರ್ತಿಗೆ ಹೇಳಿದನಂತೆ. ಈ ದ ಪಾಂಟೆ ಯಹೂದಿಯಾಗಿ ಹುಟ್ಟಿ, ಹುಡುಗನಾಗಿದ್ದಾಗ ಕ್ರೈಸ್ತನಾದವನು. ಹುಟ್ಟು ಮನುಷ್ಯನಿಗೆ ಏನು ಮಾಡುತ್ತದೆ ಅನ್ನೋದು ತಿಳಿಯದವನಲ್ಲ.

ತೆಗೆದನಲ್ಲ, ಆ ಖಾಲಿ ಜಾಗಕ್ಕೆ ಏನು ತುಂಬಿದ? ಅದೇ ಕತ್ತಲು, ಅದೇ ಫಿಗಾರೋ. ಆದರೆ ಈಗ ಅವನು ಹಾಡುವುದು ಹೆಂಗಸರ ಮೋಸದ ಬಗ್ಗೆ. ಗಂಡಸರೇ ಕಣ್ಣು ತೆರೆಯಿರಿ, ಹೆಣ್ಣನ್ನು ನಂಬಬೇಡಿ ಎಂಬ ಧಾಟಿ. ಧಣಿಯ ಮೇಲೆ ಏಳಬೇಕಾಗಿದ್ದ ಕೈ ಹೆಂಡತಿಯ ಮೇಲೆ ಇಳಿಯಿತು. ಕೋರಿಕೆಯಿಲ್ಲದೆ ಇದು ರಂಗಕ್ಕೇ ಬರುತ್ತಿರಲಿಲ್ಲ, ಏನೋ ಒಂದು ಬಿಡಲೇಬೇಕಿತ್ತು ಅನ್ನುವವರ ಮಾತನ್ನು ಒಪ್ಪೋಣ. ಬಿಡಲಿ. ಆದರೆ ಬಿಟ್ಟ ಜಾಗಕ್ಕೆ ಹೆಣ್ಣೇ ಯಾಕೆ ಸಿಕ್ಕಿದಳು? ಸಾಹುಕಾರನ ಹೊಲದಲ್ಲಿ ಬೈಸಿಕೊಂಡು ಬಂದ ಗಂಡಸು ಸಂಜೆ ಯಾರ ಮೇಲೆ ಹಾಯುತ್ತಾನೆ ಅಂತ ನಮ್ಮ ಕೇರಿಯ ಹೆಂಗಸರನ್ನು ಕೇಳಿ, ಉತ್ತರ ಸಿಗುತ್ತದೆ. ನಮ್ಮ ಬಂಡಾಯದ ಹಾಡುಗಳನ್ನೂ ಒಮ್ಮೆ ಈ ಕಿವಿಯಿಂದ ಕೇಳಿಸಿಕೊಳ್ಳಬೇಕು.

ಇನ್ನೊಂದು ತಮಾಷೆ ಇದೆ. ಅದೇ ಅಂಕದಲ್ಲಿ ವಯಸ್ಸಾದ ಮಾರ್ಚೆಲ್ಲಿನಾ ಎಂಬವಳಿಗೆ, ಪ್ರಾಣಿಗಳಲ್ಲಿ ಗಂಡು ಹೆಣ್ಣು ನೆಮ್ಮದಿಯಾಗಿವೆ, ಮನುಷ್ಯರಲ್ಲಿ ಗಂಡಸು ಮಾತ್ರ ಹೆಣ್ಣನ್ನು ಗೋಳುಗುಟ್ಟಿಸುತ್ತಾನೆ ಎಂಬ ಹಾಡೊಂದಿದೆ. ಆಟ ಉದ್ದವಾಯಿತು ಅಂತ ಇಂದಿಗೂ ಬಹಳ ಕಡೆ ಅದನ್ನೇ ಕತ್ತರಿಸುತ್ತಾರೆ. ಫಿಗಾರೋನ ಹಾಡಿಗೆ ಕತ್ತರಿ ಬೀಳುವುದಿಲ್ಲ.

ಹಾಗಂತ ಮೊಜಾರ್ಟನನ್ನು ಧಣಿಗಳ ಭಟ್ಟಂಗಿ ಅಂದರೆ ಅನ್ಯಾಯ. ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ಪನ ಚಾಕರಿಯಲ್ಲಿ ಅವನ ಊಟದ ಜಾಗ ಖಾಸಾ ಆಳುಗಳಿಗಿಂತ ಕೆಳಗೆ, ಅಡುಗೆಯವರಿಗಿಂತ ಮೇಲೆ. 1781ರಲ್ಲಿ ಚಾಕರಿ ಬಿಡುತ್ತೇನೆ ಅಂದದ್ದಕ್ಕೆ ಕೌಂಟ್ ಆರ್ಕೊ ಎಂಬ ಅಧಿಕಾರಿ ಕುಂಡೆಗೆ ಒದ್ದು ಆಚೆಗಟ್ಟಿದ. ಇದನ್ನು ಅಸ್ಪೃಶ್ಯತೆಗೆ ಸಮ ಅನ್ನುವಷ್ಟು ಹುಂಬರಲ್ಲ ನಾವು. ಆದರೆ ಪಂಕ್ತಿಭೇದ ಉಂಡವನ ಸಿಟ್ಟು ಅವನ ಸಂಗೀತದಲ್ಲಿದೆ. ಮೊದಲ ಅಂಕದಲ್ಲಿ ಫಿಗಾರೋ, ಧಣಿ ಕುಣಿಯುವುದಾದರೆ ಕುಣಿಸುವವನು ನಾನು ಅಂತ ಹಾಡುವಾಗ, ಮಟ್ಟು ಯಾವುದು ಗೊತ್ತೇ? ಮಿನುಯೆಟ್. ಅದು ದೊರೆಗಳ ಅರಮನೆಯ ಕುಣಿತ. ಪಿಟೀಲುಗಳನ್ನು ಬಿಲ್ಲಿನಿಂದ ಉಜ್ಜದೆ ಬೆರಳಲ್ಲಿ ಮೀಟಿ ಗಿಟಾರಿನ ಸದ್ದು ತರುತ್ತಾರೆ. ಪದ ಸುಮ್ಮನಿದ್ದರೂ ಮಟ್ಟು ಸುಮ್ಮನಿರುವುದಿಲ್ಲ. ಮೂರನೇ ಅಂಕದಲ್ಲಿ ದೊರೆಸಾನಿ ಹೇಳುತ್ತಾಳೆ, ದಾಸಿ ಕಾಗದ ಬರೆಯುತ್ತಾಳೆ. ದಾಸಿಗೆ ಅಕ್ಷರ ಗೊತ್ತು! ಹಾಡು ಮುಗಿಯುವಷ್ಟರಲ್ಲಿ ಎರಡು ದನಿಗಳೂ ಹೆಣೆದುಕೊಂಡು ಒಡತಿ ಯಾರು, ದಾಸಿ ಯಾರು ತಿಳಿಯುವುದಿಲ್ಲ. ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ, ಕೇಳಿ ನೋಡಿ.

ನಮ್ಮ ತಕರಾರು ಕೊನೆಯ ದೃಶ್ಯದ್ದು. ಕತ್ತಲ ತೋಟದಲ್ಲಿ ಎಲ್ಲರೂ ಮಂಡಿಯೂರಿ ಕ್ಷಮೆ ಬೇಡಿದಾಗ ಧಣಿ ಇಲ್ಲ, ಇಲ್ಲ ಅಂತ ಗದರುತ್ತಾನೆ. ಆಮೇಲೆ ತನ್ನ ಕಳ್ಳತನವೇ ಸಿಕ್ಕಿಬಿದ್ದು ತಾನೇ ಮಂಡಿಯೂರುತ್ತಾನೆ. ದೊರೆಸಾನಿ ಕ್ಷಮಿಸುತ್ತಾಳೆ. ಆ ನಾಲ್ಕು ಸಾಲಿನ ಸಂಗೀತಕ್ಕೆ ಅಳದವರಿಲ್ಲ ಅನ್ನುತ್ತಾರೆ. ನಿಜ, ಗಂಟಲು ಕಟ್ಟುತ್ತದೆ. ಆದರೆ ಅವನು ಕ್ಷಮೆ ಕೇಳಿದ್ದು ಯಾರನ್ನು? ತನ್ನದೇ ಅಂತಸ್ತಿನ ಹೆಂಡತಿಯನ್ನು. ದಿನವಿಡೀ ಬೆನ್ನು ಹತ್ತಿ ಕಾಡಿದ್ದು ಸುಸಾನಾಳನ್ನು. ಅವಳೂ ಅಲ್ಲೇ ನಿಂತಿದ್ದಾಳೆ. ಅವಳ ಕಡೆ ಅವನು ತಿರುಗುವುದೂ ಇಲ್ಲ.

ತೋಟದ ಮಾಲಿಯ ಮಗಳು ಬಾರ್ಬರಿನಾಳನ್ನಂತೂ ಯಾರೂ ನೆನೆಯುವುದಿಲ್ಲ. ಧಣಿ ತನ್ನನ್ನು ಅಪ್ಪಿ ಮುದ್ದಿಡುವಾಗಲೆಲ್ಲ ಕೇಳಿದ್ದು ಕೊಡುತ್ತೇನೆ ಅನ್ನುತ್ತಿದ್ದ ಅಂತ ಈ ಹುಡುಗಿ ಎಲ್ಲರೆದುರಿಗೇ ಅಂದುಬಿಡುತ್ತಾಳೆ. ಸಭೆ ನಗುತ್ತದೆ. ನಾಲ್ಕನೇ ಅಂಕದ ಶುರುವಿಗೆ ಧಣಿ ಕೊಟ್ಟು ಕಳಿಸಿದ ಗುಂಡುಪಿನ್ನನ್ನು ಕಳೆದುಕೊಂಡು ಕತ್ತಲಲ್ಲಿ ನೆಲ ತಡಕುತ್ತಾ ಹಾಡುತ್ತಾಳೆ. ಎರಡೇ ನಿಮಿಷದ ಹಾಡು. ಇಡೀ ಆಪೆರಾದಲ್ಲಿ ದುಃಖದ ಮೈನರ್ ಶ್ರುತಿಯಲ್ಲಿ ಒಬ್ಬಳೇ ಹಾಡುವ ಹಾಡು ಅದೊಂದೇ. ಬರೀ ಪಿನ್ನಿಗೆ ಇಷ್ಟು ಅಳು ಯಾಕೋ ಅಂತ ಸಂಗೀತ ತಿಳಿದವರು ಚರ್ಚೆ ಮಾಡುತ್ತಾರೆ. 1786ರಲ್ಲಿ ಆ ಪಾತ್ರ ಹಾಡಿದ ಅನ್ನಾ ಗಾಟ್ಲೀಬ್‌ಗೆ ಆಗ 12 ವರ್ಷ.