ಕೌದಿಯ ಹೊಲಿಗೆಗುಂಟ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಡಿಮೆನ್ಷಿಯಾ ಎಂಬ ಪದ ಡಾಕ್ಟರ ಚೀಟಿ ಬಿಟ್ಟು ಹೊರಗೆ ಬಂದಿಲ್ಲ. ಮನೆಯಲ್ಲಿ ‘ಅರಳು ಮರಳು’ ಅಂದರೆ ಮುಗಿಯಿತು. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಅನಂತ್ ನಾಗ್ ಅವರ ಮರೆವು ಕಂಡು ಕಣ್ಣೊರೆಸಿಕೊಂಡವರು ನಾವು. ಆದರೆ ಅವರ ಪಾತ್ರವಾದ ವೆಂಕೋಬರಾಯರು ನಡೆಯುತ್ತಾರೆ, ಮಾತಾಡುತ್ತಾರೆ. ಎರಡೂ ನಿಂತು ಹಾಸಿಗೆ ಹಿಡಿದ ಮೇಲಿನದು ಸಿನಿಮಾಕ್ಕೆ ಒಗ್ಗದ ಕಥೆ.

ಆ ಹಂತಕ್ಕೆಂದೇ 2003ರಲ್ಲಿ ಅಮೆರಿಕದ ಜಾಯ್ಸ್ ಸಿಮಾರ್ಡ್ ಆರೈಕೆಯ ಒಂದು ಕ್ರಮ ಕಟ್ಟಿದರು. ಹೆಸರು ‘ನಮಸ್ತೆ ಕೇರ್’. ಹೆಸರು ನಮ್ಮದೆಂದು ಬೀಗುವುದು ಬೇಡ. ಹೆಸರು ಹಿಡಿದು ಮಾತಾಡಿಸುವುದು, ಬೆಚ್ಚನೆ ಬಟ್ಟೆಯಿಂದ ಮುಖ ಒರೆಸುವುದು, ಕೈಕಾಲು ನೀವುವುದು, ತಲೆ ಬಾಚುವುದು, ಗುಟುಕು ಗುಟುಕಾಗಿ ಕುಡಿಸುವುದು, ಎಲ್ಲವೂ ನಿಧಾನಕ್ಕೆ. ಇದರಲ್ಲೇನು ಹೊಸದು ಎಂದು ನಮ್ಮ ಹೆಂಗಸರು ನಕ್ಕಾರು.

ಸಾಮಗ್ರಿ ನಮ್ಮಲ್ಲೇ ಮೇಲು, ನಿಜ. ಮಸ್ಕಿಯಲ್ಲಿ ನಮ್ಮ ಸಂಬಂಧದ ಮುದುಕಿಯೊಬ್ಬಳು ಮಕ್ಕಳ ಗುರುತು ಹೋದ ಮೇಲೂ ದಿನವಿಡೀ ಕೌದಿ ಸವರುತ್ತಿದ್ದಳು. ಇಳಕಲ್ ಸೀರೆಯ ತುಂಡಿನಿಂದ ಧೋತರದ ತುಂಡಿಗೆ ಬೆರಳು ಹೊಲಿಗೆಗುಂಟ ಹೋಗಿ, ದಾರದ ಗಂಟಿಗೆ ನಿಂತು, ಮತ್ತೆ ಹೊರಡುತ್ತಿತ್ತು. ಕೌದಿ ಒಗೆಯಲು ಹಾಕಿದ ದಿನ ನರಳಾಟ. ರೊಟ್ಟಿ ಬಡಿಯುವ ಸದ್ದಿಗೆ ತುಟಿ ಅಲುಗುತ್ತಿತ್ತು. ನಮಸ್ತೆ ಕೇರ್‌ನ ಲ್ಯಾವೆಂಡರ್ ಎಣ್ಣೆ ಅವಳಿಗೆ ಏನು ಹೇಳೀತು?

ನಾವು ಸೋಲುವುದು ಮುಟ್ಟುವ ರೀತಿಯಲ್ಲಿ. ಹೇಳದೆ ಕೇಳದೆ ಹೊರಳಿಸುತ್ತೇವೆ. ಬೆಚ್ಚಿ ಕೈ ಬಿಗಿದರೆ ‘ಹಟ’ ಅನ್ನುತ್ತೇವೆ. ಜೊತೆಗಿರಲೆಂದು ಟಿ.ವಿ. ಜೋರಾಗಿ ಹಚ್ಚುತ್ತೇವೆ. ಬೇಸಿಗೆ ಬಿಸಿಲು 40 ಡಿಗ್ರಿ ದಾಟಿದಾಗಲೂ ಕುತ್ತಿಗೆವರೆಗೆ ಹೊದಿಸಿ, ನೀರಡಿಕೆ ಹೇಳಲಾರದವರಿಗೆ ನೀರು ಕೊಡುವುದನ್ನೇ ಮರೆಯುತ್ತೇವೆ. ಹುಬ್ಬುಗಂಟು, ಏರಿದ ಉಸಿರು, ಸೆಟೆದ ಕಾಲು ನೋವಿನ ಮಾತೆಂದು ಹೊಳೆಯುವುದಿಲ್ಲ. ಮಸ್ಕಿಯ ಆ ಮುದುಕಿಯ ಸೊಸೆ ಮಾತ್ರ ಎದುರಿಗೆ ಕೂತು, “ಅತ್ತೀ, ಮಾರಿ ಒರಸ್ತೀನಿ ಬೇ” ಎಂದು ಒದ್ದೆ ಬಟ್ಟೆ ತೋರಿಸಿ, ಕಣ್ಣು ತನ್ನ ಕಡೆ ತಿರುಗಿದ ಮೇಲೇ ಮುಟ್ಟುತ್ತಿದ್ದಳು. ನಮಸ್ತೆ ಕೇರ್‌ನಲ್ಲಿ ಕಲಿಯಬೇಕಾದದ್ದೂ ಇಷ್ಟೇ.

ಉಳಿದದ್ದು ಸಂಬಳದ ಕೈಗಳಿರುವ ಆರೈಕೆ ಕೇಂದ್ರಕ್ಕೆ ಹೊಂದುವ ಲೆಕ್ಕ. ದಿನಕ್ಕೆರಡು ಸಲ, ಸಲಕ್ಕೆ ಎರಡು ತಾಸು ಎಂದರೆ ಕೂಲಿ ಮನೆಯಲ್ಲಿ ಯಾರು ಕೂಡಬೇಕು? ಎಡದಂಡೆ ಕಾಲುವೆಗೆ ನೀರು ಬಂದು ನಾಟಿ ಶುರುವಾದರೆ ಮನೆಯಲ್ಲಿ ಹೆಂಗಸರು ಉಳಿಯುವುದಿಲ್ಲ. (ಗಂಡಸರು ಉಳಿಯುತ್ತಾರೆ, ಕಟ್ಟೆಯ ಮೇಲೆ.) ನಾಟಿಯ ದಿನಗಳಲ್ಲಿ ಆ ಸೊಸೆ ಬೆಳಕು ಹರಿಯುವ ಮುಂಚೆ ಅತ್ತೆಗೆ ಅಂಬಲಿ ಕುಡಿಸಿ, ಕೌದಿಯ ಮೂಲೆಯೊಂದನ್ನು ಅಂಗೈಯಲ್ಲಿಟ್ಟು, ಟಂಟಂ ಹತ್ತುತ್ತಿದ್ದಳು.